ಕೂಗದೆ ತಿರುಗಿಸಿದ ದೋಣಿ

ಚಾಕು ಮೊಂಡಾಗಿತ್ತು. ಸಾಣೆ ಹಿಡಿಸಬೇಕೆಂದು ಹೋದ ವರ್ಷವೇ ಅಂದುಕೊಂಡು, ಅಂದುಕೊಂಡದ್ದನ್ನು ಮರೆತು, ಈಗ ಮ್ಯೂರಿಯಲ್ ಗ್ಯಾರಡ್, ಹಾಯಿದೋಣಿ ಕ್ಲಬ್ಬಿನ ಅಡುಗೆಕೋಣೆಯಲ್ಲಿ ನಿಂತು ದನದ ಮಾಂಸದ ದೊಡ್ಡ ತುಂಡಿನಿಂದ ಕೊಬ್ಬನ್ನು ಮೈಭಾರವೆಲ್ಲ ಹಾಕಿ ಎಳೆದೆಳೆದು ಕೊಯ್ಯುತ್ತಿದ್ದಳು. ಪ್ರತಿ ಎಳೆತಕ್ಕೂ ಒಂದು ಮುಖ ಕಣ್ಣ ಮುಂದೆ ಬರುತ್ತಿತ್ತು. ಅದು ಗಂಡನ ಮುಖ. ಛೆ, ಹಬ್ಬದ ಮಾರನೆಯ ದಿನ ಇದೆಂಥ ಯೋಚನೆ ಎಂದು ತನ್ನನ್ನು ತಾನೇ ಗದರಿಸಿಕೊಂಡಳು. ಗದರಿಸಿಕೊಂಡ ಮೇಲೂ ಕೈ ನಿಲ್ಲಲಿಲ್ಲ. ಕ್ರಿಸ್‌ಮಸ್ಸಿನ ಮಾರನೆಯ ದಿನ ಥಾರ್ನ್‌ಫ್ಲೀಟ್ ಅಳಿವೆಯಲ್ಲಿ ಹಾಯಿದೋಣಿಗಳ ರೇಸು, ರೇಸಿನ ಬೆನ್ನಿಗೇ ಎಲ್ಲರಿಗೂ ಊಟ. ಊರಿಗೆ ಊರೇ ಕಂಬಳಿ ಹೊದ್ದು ಬಿದ್ದಿರುವಾಗ ಈ ಜನಕ್ಕೆ ಮಾತ್ರ ಕೊರೆಯುವ ನೀರಿನ ಮೇಲೆ ಒಬ್ಬರಿಗೊಬ್ಬರು ಬೊಬ್ಬೆ ಹೊಡೆಯುತ್ತ ಹೋಗಬೇಕು, ಆಮೇಲೆ ತಲೆಗೆ ಕಾಗದದ ಕಿರೀಟ ಸಿಕ್ಕಿಸಿಕೊಂಡು ಬಟಾಣಿ ಸೂಪು ಹೀರಬೇಕು. ಊಟದ ಹೊಣೆ ಮದುವೆಯಾದಾಗಿನಿಂದ ಮ್ಯೂರಿಯಲ್‌ಳದು. ಈ ವರ್ಷ ರೇಸು ನಡೆಸುವ ಹೊಣೆಯೂ ಅವಳ ತಲೆಗೇ ಬಿದ್ದಿತ್ತು.

ಬಿದ್ದಿತ್ತು ಅನ್ನುವುದೇನು, ರೋಲೆಂಡನೇ ಹೇರಿದ್ದ. ಅವಳ ಗಂಡ, ಕ್ಲಬ್ಬಿನ ಅಧ್ಯಕ್ಷ. ಅಕ್ಟೋಬರಿನ ಸಭೆಯಲ್ಲಿ, ಎಲ್ಲರೂ ಚಹಾಕ್ಕೆ ಬಿಸ್ಕತ್ತು ಅದ್ದಿಕೊಂಡು ಕೂತಿದ್ದಾಗ, ಮ್ಯೂರಿ ಇನ್ನು ದೋಣಿಗೆ ಭಾರ, ದಡದಲ್ಲಿದ್ದು ರೇಸು ಶುರುಮಾಡುವ ಫಿರಂಗಿ ಹೊಡೆಯಲಿ, ಹೇಗೂ ಸದ್ದು ಅವಳಿಗೆ ಅರ್ಧವೇ ಕೇಳಿಸುವುದು ಎಂದಿದ್ದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗದೆ ಕೂತರೆ ಸಿಡುಕಿ ಅನ್ನಿಸಿಕೊಳ್ಳಬೇಕು. ಇಷ್ಟು ವರ್ಷ ಅವನ ದೋಣಿಯ ಮುಂದುಗಡೆ ಕೂತು ಸಣ್ಣ ಹಾಯಿಯ ಹಗ್ಗ ಎಳೆದವಳು ಅವಳು. ಅವನು ಹಿಂದೆ ಚುಕ್ಕಾಣಿ ಹಿಡಿದು ಬೈಯುವುದು, ಅವಳು ಮುಂದೆ ಬೈಸಿಕೊಳ್ಳುವುದು, ದಡಕ್ಕೆ ಬಂದ ಮೇಲೆ ಇಬ್ಬರೂ ಕೈಕೈ ಹಿಡಿದುಕೊಂಡು ಮೆಟ್ಟಿಲು ಹತ್ತುವುದು. ಆ ಜಾಗಕ್ಕೆ ಈಗ ಹೇಝಲ್ ಪೆಟಿಟ್ ಬಂದಿದ್ದಳು, ಬೇಸಗೆಯಲ್ಲಿ ಊರ ಪ್ರಾಥಮಿಕ ಶಾಲೆಗೆ ಟೀಚರಾಗಿ ಬಂದ ಹುಡುಗಿ. ಸಭೆಯಿಂದ ಮನೆಗೆ ಬಂದ ಮ್ಯೂರಿಯಲ್ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ದೇವರೇ, ಆ ದೋಣಿಯಿಂದ ನನ್ನನ್ನು ಇಳಿಸು ಎಂದು ಎಷ್ಟು ಸಲ ಬೇಡಿಕೊಂಡಿದ್ದಳೋ. ಇಳಿಸಿದ ಮೇಲೆ ಅಳು. ನಿನಗೆ ತಲೆ ಸರಿಯಿಲ್ಲ ಎಂದು ರೋಲೆಂಡನ ಧ್ವನಿಯಲ್ಲೇ ಅಂದುಕೊಂಡಳು. ಅವಳು ತನ್ನನ್ನು ಬೈದುಕೊಳ್ಳುವುದು ಯಾವಾಗಲೂ ಅವನ ಧ್ವನಿಯಲ್ಲೇ.

ಬ್ರೆಂಡಾ ಥರ್ಲೋ ಎಡಗಡೆ ನಿಂತು ಆಲೂಗಡ್ಡೆ ಸುಲಿಯುತ್ತ ಏನೋ ಹೇಳುತ್ತಿದ್ದಳು. ಎಡಗಡೆಯಿಂದ ಬಂದ ಮಾತು ಮ್ಯೂರಿಯಲ್‌ಗೆ ಗೋಡೆಯಾಚೆಯ ಗೊಣಗಾಟದಷ್ಟೇ. ಅವಳು ತಿರುಗಿ ಬ್ರೆಂಡಾಳ ತುಟಿ ನೋಡಿದಳು. ಈ ಸಲದ ಮುರುಕು ಚುಕ್ಕಾಣಿ ಯಾರಿಗೆ ಎಂದು ಬ್ರೆಂಡಾ ಕೇಳುತ್ತಿದ್ದಳು. ವರ್ಷದಲ್ಲಿ ಯಾರು ಎಲ್ಲರಿಗಿಂತ ಪೆದ್ದು ಕೆಲಸ ಮಾಡಿ ನಗೆಪಾಟಲಾದರೋ ಅವರಿಗೆ ಈ ಊಟದಲ್ಲಿ ಆ ಬಹುಮಾನ: ಹಲಗೆಗೆ ಮೊಳೆ ಹೊಡೆದ ಹಳೆಯ ಮುರಿದ ಚುಕ್ಕಾಣಿ. ಪಡೆದವರು ಕುರ್ಚಿಯ ಮೇಲೆ ನಿಂತು ಒಂದು ದೊಡ್ಡ ಲೋಟ ಬಿಯರನ್ನು ಒಂದೇ ಉಸಿರಿಗೆ ಕುಡಿಯಬೇಕು, ಉಳಿದವರು ಮೇಜು ಗುದ್ದಬೇಕು. ಮದುವೆಯಾದ ಎರಡನೆಯ ಚಳಿಗಾಲದಲ್ಲಿ ಮ್ಯೂರಿಯಲ್ ಆ ಕುರ್ಚಿಯ ಮೇಲೆ ನಿಂತಿದ್ದಳು, ತಲೆಗೆ ಬ್ಯಾಂಡೇಜು ಸುತ್ತಿಕೊಂಡು. ಅವತ್ತು ಎಡಗಿವಿಯೊಳಗಿಂದ ಏನೋ ಬೆಚ್ಚಗೆ ಸೋರಿ ಕತ್ತಿನ ಪಟ್ಟಿಯೊಳಗೆ ಇಳಿಯುತ್ತಿತ್ತು, ಎದುರಿಗೆ ಸಾಲು ಸಾಲು ಬಾಯಿಗಳು ತೆರೆದು ನಗುತ್ತಿದ್ದವು, ಅವಳೂ ನಗುತ್ತಿದ್ದಳು. ಬಗ್ಗೋದು ಮರೆತಳು ಪೆದ್ದಿ, ಎಂದು ರೋಲೆಂಡ್ ಅವಳ ಸೊಂಟ ಬಳಸಿ ಹಿಡಿದು ಎಲ್ಲರಿಗೂ ಹೇಳುತ್ತಿದ್ದ. ಬಿಯರು ಇಳಿಯಲಿಲ್ಲ, ಹಿತ್ತಲಲ್ಲಿ ಕಾರಿಕೊಂಡಳು. ಎರಡು ದಿನ ಕಾರುತ್ತಲೇ ಇದ್ದಳು, ಆಮೇಲೆ ಆ ಕಿವಿ ಮತ್ತೆ ಕೇಳಿಸಲಿಲ್ಲ.

ಬಗ್ಗುವುದನ್ನು ಮರೆತಿದ್ದಳೇ? ಹಾಯಿಯ ಬುಡಕ್ಕೆ ಒಂದು ಅಡ್ಡಮರ ಕಟ್ಟಿರುತ್ತದೆ. ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡು ದೋಣಿ ತಿರುಗಿಸಿದರೆ ಆ ಮರ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬೀಸಿ ಬರುತ್ತದೆ, ದಾರಿಯಲ್ಲಿ ತಲೆ ಸಿಕ್ಕರೆ ತಲೆ. ಅದಕ್ಕೇ ಚುಕ್ಕಾಣಿ ಹಿಡಿದವನು ಮೊದಲು ‘ಬಗ್ಗು’ ಎಂದು ಕೂಗಬೇಕು, ಆಮೇಲೆ ತಿರುಗಿಸಬೇಕು. ಇಲ್ಲಿ ದೋಣಿ ಹತ್ತುವ ಮಕ್ಕಳಿಗೂ ಕಲಿಸುವ ಮೊದಲ ಪಾಠ ಅದು. ಅವತ್ತು ಅವನು ಕೂಗಿದ್ದನೇ? ಮ್ಯೂರಿಯಲ್ ಮುಂದಿನ ಹಾಯಿಯನ್ನು ನೋಡುತ್ತ ಕೂತಿದ್ದಳು, ಅವನಿಗೆ ಬೆನ್ನು ಕೊಟ್ಟು. ಒಂದು ಕ್ಷಣದ ಹಿಂದೆ ಹಗ್ಗ ಬಿಟ್ಟಿದ್ದಕ್ಕೆ ಬಾಯಿಗೆ ಬಂದಂತೆ ಬೈದಿದ್ದ. ಆಮೇಲೆ ಸುಮ್ಮನಾಗಿದ್ದ. ಆ ಸುಮ್ಮನಾದದ್ದು ಅವಳಿಗೆ ಇವತ್ತಿಗೂ ನೆನಪಿದೆ. ಮರೆತಿರಬೇಕು, ಸಿಟ್ಟಿನಲ್ಲಿ ಕೂಗುವುದನ್ನು ಮರೆತಿರಬೇಕು ಎಂದು ತಾನೇ ಅವನ ಪರ ವಾದಿಸಿ, ತಾನೇ ತೀರ್ಪು ಕೊಟ್ಟು, ಇಷ್ಟು ವರ್ಷ ಅವನ ಪಕ್ಕ ಮಲಗಿದ್ದಳು.

ರೋಲೆಂಡ್ ರಬ್ಬರಿನ ಬೂಟಿನಲ್ಲಿ ಒಳಗೆ ಬಂದ. ಹಿಂದೆ ಹೇಝಲ್, ಹಳದಿ ಮಳೆಯಂಗಿಯಲ್ಲಿ ಮುಳುಗಿಹೋದವಳ ಹಾಗೆ. ಉಬ್ಬರದ ನೀರು ಇಳಿಯುವುದರೊಳಗೆ ರೇಸು ಮುಗಿಯಬೇಕು, ಇಲ್ಲದಿದ್ದರೆ ಎಲ್ಲರೂ ಕೆಸರಲ್ಲಿ ಸಿಕ್ಕಿಕೊಂಡು ನಿನ್ನ ಸುಟ್ಟ ಮಾಂಸಕ್ಕೆ ಕಾಯುತ್ತ ಕೂರಬೇಕಾಗುತ್ತದೆ ಎಂದು ಹೆಂಡತಿಗೆ ಹೇಳಿ, ಹುಡುಗಿಯ ಹೆಗಲು ತಟ್ಟಿ, ಒಲೆಯ ಪಕ್ಕದಿಂದ ಹುರಿದ ಕೊಬ್ಬಿನ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡು ಹೋದ. ಹೇಝಲ್ ಹಿಂದೆ ಉಳಿದಳು. ಮಿಸೆಸ್ ಗ್ಯಾರಡ್, ನಿಮ್ಮ ಜಾಗ ಕಿತ್ಕೊಂಡೆ ಅಂತ ಬೇಜಾರಿಲ್ಲ ತಾನೆ ಎಂದು ಕೇಳಿದಳು. ಮುಖ ಚಳಿಗೆ ಕೆಂಪಾಗಿತ್ತು, ಕಣ್ಣಲ್ಲಿ ಅಪ್ಪಟ ಸಂತೋಷ. ಹೇಳಬೇಕಿತ್ತು. ಅವನಿಗೆ ಬೆನ್ನು ಕೊಟ್ಟು ಕೂರಬೇಡ, ಬೈಯುವಾಗ ಭಯವಿಲ್ಲ, ಬೈದು ಸುಮ್ಮನಾದಾಗ ಬಗ್ಗು, ಅಷ್ಟೇ, ಎರಡು ಮಾತು. ಆದರೆ ಪಕ್ಕದಲ್ಲಿ ಬ್ರೆಂಡಾ ಇದ್ದಳು, ಬ್ರೆಂಡಾ ಕೇಳಿಸಿಕೊಂಡರೆ ಊಟದ ಹೊತ್ತಿಗೆ ಊರಿಗೆಲ್ಲ ಗೊತ್ತು, ಮುದಿ ಹೆಂಡತಿಗೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಬಿಸಿಯಾಗಿ ಒಂದು ಚಹಾ ಕುಡಿದು ಹೋಗಮ್ಮ ಎಂದಳು ಮ್ಯೂರಿಯಲ್. ಹುಡುಗಿ ಚಹಾ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದಳು.

ದಡದ ಮೇಲಿನ ಮರದ ಗೂಡಿನಲ್ಲಿ ಒಂದು ಕುರ್ಚಿ, ಒಂದು ದುರ್ಬೀನು, ಕಿಟಕಿಯ ಹೊರಗೆ ಪುಟ್ಟ ಹಿತ್ತಾಳೆ ಫಿರಂಗಿ. ಮ್ಯೂರಿಯಲ್ ದಾರ ಎಳೆದಳು. ಸದ್ದು ಎದೆಗೆ ಒದ್ದಂತೆ ಬಂತು, ಹಿನ್ನೀರಿನ ಬಾತುಗಳೆಲ್ಲ ಒಟ್ಟಿಗೆ ಎದ್ದವು, ಅವಳಿಗೆ ಖುಷಿಯಾಯಿತು. ಇಂಥದೊಂದು ಸದ್ದು ತನ್ನ ಕೈಯಿಂದ ಹೊರಟದ್ದು ಬದುಕಿನಲ್ಲೇ ಮೊದಲು. ಈಶಾನ್ಯದ ಗಾಳಿ ಹೊತ್ತುಹೊತ್ತಿಗೆ ಜೋರಾಗುತ್ತಿತ್ತು. ದೋಣಿಗಳು ಒಂದರ ಮೇಲೊಂದು ಬೀಳುವಂತೆ ಗೆರೆ ದಾಟಿದವು, ಮರಕ್ಕೆ ಮರ ತಾಕಿತು, ಯಾರೋ ಯಾರಿಗೋ ಮುಷ್ಟಿ ತೋರಿಸಿದರು. ವಾರವೆಲ್ಲ ಬ್ಯಾಂಕಿನಲ್ಲಿ, ಔಷಧದಂಗಡಿಯಲ್ಲಿ ದಯವಿಟ್ಟು, ವಂದನೆಗಳು ಎಂದು ಬಾಳುವ ಜನ, ನೀರಿಗಿಳಿದ ಕೂಡಲೇ ಒಬ್ಬರನ್ನೊಬ್ಬರು ಕೊಂದೇಬಿಡುವವರಂತೆ ಅರಚುತ್ತಾರೆ. ಅರಚಿದ್ದನ್ನು ದಡದಲ್ಲಿ ಯಾರೂ ಎತ್ತುವ ಹಾಗಿಲ್ಲ. ನೀರಿನ ಮೇಲಿನ ಮಾತು ನೀರಿನ ಮೇಲೇ ಬಿಡಬೇಕು, ಇಲ್ಲಿನವರ ಮರ್ಯಾದೆಯೆಂದರೆ ಅದೇ. ಮ್ಯೂರಿಯಲ್ ದುರ್ಬೀನಿನಲ್ಲಿ ತಮ್ಮ ದೋಣಿಯನ್ನು ಹುಡುಕಿದಳು. ಒಂದು ಕ್ಷಣ ಅದು ಮಗುಚಲಿ ಎಂದು ಮನಸಾರೆ ಬಯಸಿದಳು. ಅವನು ನೀರಿನಲ್ಲಿ ಬಾಯಿ ತೆರೆಯುವುದನ್ನೂ, ಬಾಯಿಗೆ ಕಂದು ನೀರು ನುಗ್ಗುವುದನ್ನೂ ಬಿಡಿಬಿಡಿಯಾಗಿ ಕಂಡಳು. ಹುಡುಗಿಯೂ ಅದೇ ದೋಣಿಯಲ್ಲಿದ್ದಾಳೆಂದು ಆಮೇಲೆ ಹೊಳೆಯಿತು.

ಆಚೆ ತುದಿಯಲ್ಲಿ ಗುರುತಿಗೆ ತೇಲಿಬಿಟ್ಟ ಕೆಂಪು ಪೀಪಾಯಿಯನ್ನು ಸುತ್ತಿ ಬರಬೇಕಿತ್ತು. ರೋಲೆಂಡ್ ಮುಂದಿದ್ದ, ಅವನ ಹಿಂದೆಯೇ ಬ್ರೆಂಡಾಳ ಗಂಡ ಡೆನಿಸ್. ಪೀಪಾಯಿಯ ಹತ್ತಿರ ಹುಡುಗಿಯ ಕೈಯಲ್ಲಿ ಹಗ್ಗ ಸಿಕ್ಕಿಕೊಂಡಿತು, ಮುಂದಿನ ಹಾಯಿ ಪಟಪಟ ಬಡಿದುಕೊಂಡಿತು, ಆ ಸಂದಿಯಲ್ಲಿ ಡೆನಿಸ್ ಒಳಗೆ ತೂರಿ ಮುಂದೆ ಹೋದ. ದುರ್ಬೀನಿನೊಳಗೆ ರೋಲೆಂಡನ ಬಾಯಿ ತೆರೆಯಿತು. ಒಂದು ಕಿವಿ ಹೋದಾಗಿನಿಂದ ಅವಳು ಬದುಕಿದ್ದೇ ಆ ಬಾಯಿ ಓದಿಕೊಂಡು. ಅವನು ಅಂದ ಒಂದೊಂದು ಮಾತೂ ಗಾಜಿನೊಳಗೆ ಅವಳಿಗೆ ತಿಳಿಯಿತು, ತನಗೆ ಅಂದಿದ್ದ ಮಾತುಗಳೇ. ಹುಡುಗಿ ತಲೆ ತಗ್ಗಿಸಿ ಹಗ್ಗ ಬಿಡಿಸುತ್ತಿದ್ದಳು, ಅವನ ಕಡೆಗೊಮ್ಮೆ ತಿರುಗಿ ಏನೋ ಹೇಳಿದಳು, ಕ್ಷಮಿಸಿ ಎಂದಿರಬೇಕು. ಆಗ ಬಾಯಿ ಮುಚ್ಚಿತು. ತುಟಿಗೆ ತುಟಿ ಒತ್ತಿ ಮುಚ್ಚಿತು. ಮ್ಯೂರಿಯಲ್ ಗೂಡಿನೊಳಗೆ ತಾನೇ ‘ಬಗ್ಗು’ ಎಂದು ಕೂಗಿದಳು. ದೋಣಿ ಗಿರಕ್ಕನೆ ತಿರುಗಿತು, ಅಡ್ಡಮರ ಬೀಸಿ ಬಂದು ಹುಡುಗಿಯ ತಲೆಯ ಪಕ್ಕಕ್ಕೆ ಹೊಡೆಯಿತು, ಹಳದಿ ಅಂಗಿ ದೋಣಿಯ ತಳಕ್ಕೆ ಕುಸಿಯಿತು.

ಮತ್ತು ಮ್ಯೂರಿಯಲ್‌ಗೆ ಹಾಯೆನಿಸಿತು. ಸದ್ಯ, ನಾನಲ್ಲ. ಎದೆಯಿಂದ ಹೊಟ್ಟೆಗೆ ಬಿಸಿಯಾಗಿ ಏನೋ ಇಳಿಯಿತು, ಚಳಿಯಲ್ಲಿ ಬ್ರಾಂಡಿ ಇಳಿದ ಹಾಗೆ. ಕಾವಲು ದೋಣಿಗೆ ಸನ್ನೆ ಮಾಡಲು ಕಿತ್ತಳೆ ಬಾವುಟ ಕೈಗೆಟಕುವಷ್ಟರಲ್ಲೇ ಇತ್ತು. ಏರಿಸಿದರೆ ಆ ಯಂತ್ರದ ದೋಣಿ ಹೋಗುತ್ತದೆ, ಹುಡುಗಿಯನ್ನು ಇಳಿಸಿಕೊಳ್ಳುತ್ತದೆ, ಯಾಕೆ ಏರಿಸಿದೆ ಎಂದು ಎಲ್ಲರೂ ಕೇಳುತ್ತಾರೆ, ಆಗ ಹೇಳಬೇಕಾಗುತ್ತದೆ. ಹುಡುಗಿ ಎದ್ದು ಕೂತಳು. ನೋಡು, ಎದ್ದು ಕೂತಳಲ್ಲ. ಹಗ್ಗವನ್ನೂ ಹಿಡಿದುಕೊಂಡಳು. ಮ್ಯೂರಿಯಲ್ ಬಾವುಟದ ಕಡೆ ನೋಡದೆ ದುರ್ಬೀನು ಒರೆಸಿದಳು. ಥೂ ನಿನ್ನ ಜನ್ಮಕ್ಕೆ ಎಂದು ಈ ಸಲ ತನ್ನ ಸ್ವಂತ ಧ್ವನಿಯಲ್ಲೇ ಬೈದುಕೊಂಡಳು. ದೋಣಿಗಳು ಬಂದು ಮುಟ್ಟಿದವು, ರೋಲೆಂಡ್ ಎರಡನೆಯವನಾದ, ಅವಳು ದಾರ ಎಳೆಯಬೇಕಾದಾಗಲೆಲ್ಲ ಎಳೆದು ಕೆಳಗಿಳಿದು ಬಂದು ಮಾಂಸದ ರಸಕ್ಕೆ ಹಿಟ್ಟು ಕದಡಿದಳು.

ಊಟದ ಕೋಣೆಯಲ್ಲಿ ಒದ್ದೆ ಉಣ್ಣೆಯ ವಾಸನೆ, ಮಾಂಸದ ವಾಸನೆ, ಎಲ್ಲರ ತಲೆಯ ಮೇಲೂ ಬಣ್ಣದ ಕಾಗದದ ಕಿರೀಟ. ಹೇಝಲ್‌ಳ ಕಿವಿಯ ಮೇಲೆ ಕೋಳಿಮೊಟ್ಟೆಯಷ್ಟು ಊದಿತ್ತು. ಕ್ಲಬ್ಬಿನ ಸದಸ್ಯರಾದ ಹಲ್ಲಿನ ಡಾಕ್ಟರೊಬ್ಬರು ಅವಳ ರೆಪ್ಪೆ ಎತ್ತಿ ನೋಡಿ, ಹಲ್ಲೆಲ್ಲ ಭದ್ರವಾಗಿವೆ, ಒಂದು ರಮ್ ಕೊಡಿ ಎಂದಾಗ ಎಲ್ಲರೂ ನಕ್ಕರು. ಹುಡುಗಿ ಸೂಪು ಮುಟ್ಟಿರಲಿಲ್ಲ. ಚಮಚೆಯನ್ನು ಹಿಡಿದು ಅದು ಏನೆಂದು ಮರೆತವಳಂತೆ ನೋಡುತ್ತಿದ್ದಳು. ಮ್ಯೂರಿಯಲ್ ಆಲೂಗಡ್ಡೆ ಬಡಿಸುತ್ತ ಅವಳನ್ನೇ ಗಮನಿಸುತ್ತಿದ್ದಳು. ಇವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಈಗಲೇ. ಅಲ್ಲಿ ಇದ್ದವರಲ್ಲಿ ಆ ಪೆಟ್ಟಿನ ರುಚಿ ಗೊತ್ತಿದ್ದವಳು ಅವಳೊಬ್ಬಳೇ.

ರೋಲೆಂಡ್ ಗಾಜಿನ ಲೋಟ ತಟ್ಟಿ ಎದ್ದು ನಿಂತ. ಕೆನ್ನೇರಳೆ ಕಿರೀಟ ಅವನಿಗೆ ಒಪ್ಪಿತ್ತು ಬೇರೆ. ಪೀಪಾಯಿಯ ಹತ್ತಿರ ನಡೆದದ್ದನ್ನು ಬಣ್ಣ ಕಟ್ಟಿ ಹೇಳಿದ, ಹುಡುಗಿ ಹಗ್ಗದ ಜೊತೆ ಕುಸ್ತಿ ಮಾಡಿದ್ದನ್ನು ಕೈಸನ್ನೆಯಲ್ಲಿ ಆಡಿ ತೋರಿಸಿದ, ತಾನು ಬಗ್ಗು ಬಗ್ಗು ಎಂದು ಗಂಟಲು ಹರಿದುಕೊಂಡರೂ ಅವಳು ಆಕಾಶ ನೋಡುತ್ತ ಕೂತಿದ್ದಳು ಎಂದ. ಜನ ಮೇಜು ಗುದ್ದತೊಡಗಿದರು. ಮುರುಕು ಚುಕ್ಕಾಣಿಯನ್ನು ಕೊಡುವುದು ರೇಸು ನಡೆಸಿದವರ ಕೆಲಸ. ಯಾರೋ ಅದನ್ನು ತಂದು ಮ್ಯೂರಿಯಲ್‌ಳ ಕೈಗಿಟ್ಟರು.

ಅವಳು ಅದನ್ನು ಮೇಜಿನ ಮೇಲೆ ಇಟ್ಟಳು. “ರೋಲೆಂಡ್ ಕೂಗಲಿಲ್ಲ,” ಎಂದಳು.

ಹತ್ತಿರ ಕೂತವರಿಗಷ್ಟೇ ಕೇಳಿಸಿತು. ಅವರು ಸುಮ್ಮನಾದದ್ದನ್ನು ನೋಡಿ ದೂರದವರೂ ಸುಮ್ಮನಾದರು. ರೋಲೆಂಡ್ ಅವಳ ಕಡೆ ನೋಡಲೂ ಇಲ್ಲ. ಮಂದಿಯ ಕಡೆಗೇ ತಿರುಗಿ ನಗುತ್ತ ಹೇಳಿದ: “ಅಷ್ಟು ದೂರದ ಗೂಡಲ್ಲಿ ಕೂತ್ಕೊಂಡು, ಇರೋ ಒಂದೇ ಕಿವೀಲಿ, ನಾನು ಕೂಗದೇ ಇದ್ದದ್ದು ಕೇಳಿಸ್ತಂತೆ ಇವಳಿಗೆ.”

ಕೋಣೆ ಬಿದ್ದುಬಿದ್ದು ನಕ್ಕಿತು. ಬ್ರೆಂಡಾ ಕಣ್ಣೊರೆಸಿಕೊಂಡು ನಕ್ಕಳು. ಮ್ಯೂರಿಯಲ್ ನಗು ಇಳಿಯುವವರೆಗೆ ಕಾದಳು. ಮೇಜಿನ ಅಂಚು ಹಿಡಿದುಕೊಂಡಳು. “ಕೇಳಿಸಲಿಲ್ಲ. ನೋಡಿದೆ. ನಿನ್ನ ಬಾಯಿ ಮುಚ್ಚಿತ್ತು.”

ಡೆನಿಸ್ ತನ್ನ ತಟ್ಟೆ ನೋಡಿಕೊಂಡ. ಆಗ ಹೇಝಲ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಮಿಸ್ಟರ್ ಗ್ಯಾರಡ್ ಕೂಗಿದ್ರು, ನಾನೇ ಬಗ್ಗಲಿಲ್ಲ, ನನ್ನದೇ ಪೆದ್ದುತನ ಎಂದು ತೊದಲುತ್ತ ನಕ್ಕಳು. ಆ ನಗು ಮ್ಯೂರಿಯಲ್‌ಗೆ ಗುರುತಿನದು. ಇಡೀ ಕೋಣೆ ನಿಟ್ಟುಸಿರು ಬಿಟ್ಟು ಚಪ್ಪಾಳೆ ತಟ್ಟಿತು. ಹುಡುಗಿಯನ್ನು ಕುರ್ಚಿಯ ಮೇಲೆ ಹತ್ತಿಸಿದರು, ಲೋಟ ಕೊಟ್ಟರು, ಮೇಜು ಗುದ್ದಿದರು. ಅವಳು ಎರಡು ಗುಟುಕು ಕುಡಿದಳು, ಮೂರನೆಯದು ತುಟಿಯ ಪಕ್ಕದಿಂದ ಇಳಿಯಿತು, ಆಮೇಲೆ ಮುಂದಕ್ಕೆ ಬಾಗಿ ತಟ್ಟೆಗಳ ಮೇಲೆ, ಕಿರೀಟ ಸುತ್ತಿಬಂದಿದ್ದ ಬಣ್ಣದ ಕಾಗದಗಳ ಮೇಲೆ ಕಾರಿಕೊಂಡಳು. ರಮ್ ಏರಿದೆ ಎಂದು ಯಾರೋ ಕೂಗಿ ಹೇಳಿದರು. ನಗು ಮುಗಿಲು ಮುಟ್ಟಿತು.

ಮ್ಯೂರಿಯಲ್ ಮೇಜು ಸುತ್ತಿ ಅವಳ ಕಡೆ ಧಾವಿಸಿದಳು. ನಡುವೆ ರೋಲೆಂಡ್ ನಿಂತಿದ್ದ. ಅವಳ ತೋಳನ್ನು ಮೊಣಕೈ ಮೇಲೆ ಹಿಡಿದ. ಹೆಬ್ಬೆರಳು ಎಲುಬಿನ ಪಕ್ಕ ಯಾವಾಗಲೂ ಊರುವ ಜಾಗದಲ್ಲೇ ಊರಿತು. ಮುಖ ಜನರ ಕಡೆಗೆ ನಗುತ್ತಿತ್ತು. “ಕೂತ್ಕೋ ಮ್ಯೂರಿ. ಎಲ್ಲರ ಹಬ್ಬ ಹಾಳು ಮಾಡ್ಬೇಡ,” ಎಂದ ಅವಳ ಬಲಗಿವಿಯಲ್ಲಿ, ಚೆನ್ನಾಗಿ ಕೇಳಿಸುವ ಕಿವಿಯಲ್ಲಿ. ಅವಳು ಆ ಬಾಯಿಯನ್ನು ನೋಡಿದಳು. ಮುಷ್ಟಿ ಕಟ್ಟಿದ್ದು ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ. ಹೊಡೆದಳು. ಹಲ್ಲು ಬೆರಳ ಗೆಣ್ಣಿಗೆ ಕಚ್ಚಿದ ಹಾಗಾಯಿತು, ಅವನು ಹಿಂದಕ್ಕೆ ವಾಲಿ ಸೂಪಿನ ಪಾತ್ರೆ ಉರುಳಿತು, ಗಲ್ಲದ ಮೇಲೆ ರಕ್ತ ಇಳಿಯಿತು. ಇನ್ನೊಮ್ಮೆ ಹೊಡೆದಳು, ಅಲ್ಲಿಗೇ. ಮೂರನೆಯದಕ್ಕೆ ಕೈ ಎತ್ತಿದಾಗ ಡೆನಿಸ್ ಹಿಂದಿನಿಂದ ತಬ್ಬಿ ಹಿಡಿದ. ಸಾಕು ಮ್ಯೂರಿಯಲ್, ಸಾಕು ಎಂದು ಅವನು ಎಡಗಿವಿಯಲ್ಲಿ ಹೇಳುತ್ತಿದ್ದಿರಬೇಕು, ಅವಳಿಗೆ ಕೇಳಿಸಲಿಲ್ಲ. ಕೊಲ್ಲಬೇಕಿತ್ತು. ಕೈಯಲ್ಲಿ ಅಷ್ಟು ಶಕ್ತಿ ಇತ್ತು, ಎಲ್ಲ ವರ್ಷಗಳದ್ದೂ ಒಟ್ಟಿಗೆ ಇತ್ತು. ಆದರೆ ಕುರ್ಚಿಯ ಕಾಲ ಬಳಿ ಹುಡುಗಿ ನೆಲಕ್ಕೆ ಕುಸಿದು ಕೂತು ಮತ್ತೆ ಓಕರಿಸುತ್ತಿದ್ದಳು. ಮ್ಯೂರಿಯಲ್ ಡೆನಿಸನ ಕೈ ಬಿಡಿಸಿಕೊಂಡು ಅವಳ ಕಂಕುಳಿಗೆ ತೋಳು ಕೊಟ್ಟು ಎಬ್ಬಿಸಿದಳು. ಬಾಗಿಲ ಪಕ್ಕ ತೂಗುಹಾಕಿದ್ದ ಗಂಡನ ಕೋಟಿನ ಜೇಬಿನಿಂದ ಕಾರಿನ ಕೀಲಿ ತೆಗೆದುಕೊಂಡಳು. ಯಾರೂ ಅಡ್ಡ ಬರಲಿಲ್ಲ, ಯಾರೂ ಜೊತೆಗೂ ಬರಲಿಲ್ಲ.

ಕಡಲ ಗೋಡೆಯ ಗುಂಟ ರಸ್ತೆ ಆಗಲೇ ಮಸುಕಾಗುತ್ತಿತ್ತು. ಹೇಝಲ್ ಕಿಟಕಿಗೆ ತಲೆ ಆನಿಸಿ ಕೂತಿದ್ದಳು, ಮಡಿಲಲ್ಲಿ ಅಡುಗೆಕೋಣೆಯ ತಪ್ಪಲೆ. ಮಾತಾಡಿಸುತ್ತಲೇ ಇರಬೇಕು, ನಿದ್ದೆ ಹೋಗಲು ಬಿಡಬಾರದು ಎಂದು ಮ್ಯೂರಿಯಲ್ ಅವಳ ಶಾಲೆಯ ಬಗ್ಗೆ, ತಾಯಿಯ ಬಗ್ಗೆ ಕೇಳುತ್ತ ಹೋದಳು. ಊರು ದಾಟಿದ ಮೇಲೆ ಹುಡುಗಿ ತಾನಾಗಿ ಬಾಯಿ ಬಿಟ್ಟಳು; ಡ್ರೈವರಿನ ಸೀಟಿನಲ್ಲಿ ತನ್ನ ಬಲಗಿವಿ ಕಿಟಕಿಯ ಕಡೆಗಿದ್ದದ್ದರಿಂದ ಮ್ಯೂರಿಯಲ್ ಕಾರನ್ನು ಬದಿಗೆ ನಿಲ್ಲಿಸಿ ಅವಳ ಕಡೆ ಪೂರ್ತಿ ತಿರುಗಬೇಕಾಯಿತು.

“ಅವ್ರು ನನ್ನ ಮುಖ ನೋಡಿದ್ರು,” ಎಂದಳು ಹೇಝಲ್. “ಮೊದ್ಲು ಅಡ್ಡಮರ ನೋಡಿದ್ರು, ಆಮೇಲೆ ನನ್ನ ನೋಡಿದ್ರು. ನಾನು ಎಲ್ಲಿದೀನಿ ಅಂತ ನೋಡ್ಕೊಂಡು ಆಮೇಲೆ ತಿರುಗಿಸಿದ್ರು.”

ಮ್ಯೂರಿಯಲ್ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟುಕೊಂಡು ಎದುರಿನ ಕಪ್ಪು ಹೊಲವನ್ನು ನೋಡಿದಳು. ತಾನು ಅವತ್ತು ಬೆನ್ನು ಕೊಟ್ಟು ಕೂತಿದ್ದಳು. ಅವನ ಮುಖ ಕಂಡಿರಲಿಲ್ಲ. ಕಾಣದ ಆ ಮುಖಕ್ಕೆ ಸಿಟ್ಟು, ಮರೆವು, ಗಡಿಬಿಡಿ ಎಂದು ಏನೇನೋ ಬಣ್ಣ ಬಳಿದು ಇಟ್ಟುಕೊಂಡಿದ್ದಳು, ಈಗ ಅದು ತಾನೇತಾನಾಗಿ ಕಂಡಿತು: ಅಳೆದು ನೋಡುವ ಎರಡು ಕಣ್ಣು, ಒತ್ತಿ ಮುಚ್ಚಿದ ತುಟಿ. ಕಾರು ತಿರುಗಿಸಬೇಕು, ವಾಪಸು ಹೋಗಬೇಕು, ಬಾಗಿಲು ಮುರಿದು ಆ ಕೋಣೆಯೊಳಕ್ಕೆ ಕಾರನ್ನೇ ನುಗ್ಗಿಸಬೇಕು, ಕಿರೀಟ ಇಟ್ಟುಕೊಂಡವನ ಮೇಲೆ, ಮೇಜು ಗುದ್ದಿದವರ ಮೇಲೆ. ಅವಳು ಗೇರು ಹಾಕಿಯೂ ಬಿಟ್ಟಳು. ಹುಡುಗಿ ತಪ್ಪಲೆಗೆ ಬಗ್ಗಿ ಕಾರಿಕೊಂಡಳು. ಮ್ಯೂರಿಯಲ್ ಅವಳ ಹಣೆ ಹಿಡಿದುಕೊಂಡಳು, ಮುಗಿದ ಮೇಲೆ ಬಾಯಿ ಒರೆಸಿ, ಪಟ್ಟಣದ ದಾರಿ ಹಿಡಿದಳು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸಿನ ಟೋಪಿಗೂ ಹಬ್ಬದ ಜರಿ ಸುತ್ತಿತ್ತು. ಗಟ್ಟಿಮುಟ್ಟಾದ ವಯಸ್ಸಾದ ಹೆಂಗಸು, ದಿನವಿಡೀ ಕುಡಿದು ಬಿದ್ದವರನ್ನು ನೋಡಿ ಸಾಕಾಗಿದ್ದಳು. ಹುಡುಗಿಯನ್ನು ಮಂಚದ ಮೇಲೆ ಮಲಗಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ ಮುಖ ಗಂಭೀರ ಮಾಡಿಕೊಂಡಳು, ಡಾಕ್ಟರನ್ನು ಕರೆಯಲು ಯಾರನ್ನೋ ಓಡಿಸಿದಳು. ಇದು ಹೇಗಾಯಿತಮ್ಮ ಎಂದು ಕೇಳಿದಳು. ಹೇಝಲ್ ಬಾಯಿ ತೆರೆದಳು. ನಾನೇ ಬಗ್ಗಬೇಕಿತ್ತು ಎಂಬ ಮಾತು ಆ ತುಟಿಯ ಮೇಲೆ ಆಗಲೇ ಬಂದು ನಿಂತದ್ದನ್ನು ಮ್ಯೂರಿಯಲ್ ಕಂಡಳು. ಅದು ಅಲ್ಲೇ ನಿಂತಿತು. ಹುಡುಗಿ ಕಣ್ಣು ಮುಚ್ಚಿಕೊಂಡು, ಒಬ್ಬರು ಹೊಡೆದರು ಎಂದಳು.

ಯಾರು ಎಂದು ಕೇಳುತ್ತ ನರ್ಸು ತಿರುಗಿದಳು. ಅವಳ ಕಣ್ಣು ಮ್ಯೂರಿಯಲ್‌ಳ ಬಲಗೈ ಮೇಲೆ ನಿಂತಿತು. ಗೆಣ್ಣುಗಳು ಒಡೆದು ಊದಿದ್ದವು, ರಕ್ತ ಮಣಿಕಟ್ಟಿನವರೆಗೆ ಇಳಿದು ಒಣಗಿತ್ತು.

“ನನ್ನ ಗಂಡ,” ಎಂದಳು ಮ್ಯೂರಿಯಲ್.

ನರ್ಸು ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಹುಡುಗಿಯ ಕಡೆ ನೋಡಿದಳು, ಮತ್ತೆ ಇವಳ ಕಡೆ.

“ಇಬ್ರಿಗೂನಾ?”

ಮ್ಯೂರಿಯಲ್ ಅವಳ ತುಟಿ ಓದಬೇಕಾಗಿರಲಿಲ್ಲ, ಮಾತು ಚೆನ್ನಾಗಿಯೇ ಕೇಳಿಸಿತ್ತು. ಇನ್ನೊಂದು ಕೈಯಿಂದ ತನ್ನ ಎಡಗಿವಿ ಮುಟ್ಟಿಕೊಂಡಳು.

“ಹೌದು,” ಎಂದಳು. “ಇಬ್ಬರಿಗೂ.”